ಎಂಟನೇ ದಿನದ ಜ್ವರ

ಅಮೆರಿಕದ ಗ್ರೀನ್ ಕಾರ್ಡ್‌ಗೆ ಬೇಕಾದ ಮೆಡಿಕಲ್‌ಗೆ, ಅಂದರೆ ವೈದ್ಯಕೀಯ ತಪಾಸಣೆಗೆ ಹೋಗುವ ಇಬ್ಬರು ಮೂವರು ಕೇಳಿದ್ದೀರಿ, ಲಸಿಕೆ ಆದಮೇಲೆ ಎಷ್ಟು ದಿನ ರಜೆ ಬೇಕು ಅಂತ. ನಾನು ಮರುದಿನಕ್ಕೆ ರಜೆ ಹಾಕಿ ಮೋಸ ಹೋದವಳು. ಆ ದಿನ ತೋಳು ನೋವು ಬಿಟ್ಟರೆ ಏನೂ ಇರಲಿಲ್ಲ, ಸುಮ್ನೆ ಮನೆಯಲ್ಲಿ ಕೂತೆ. ಜ್ವರ ಬಂದಿದ್ದು ಎಂಟನೇ ದಿನ, ಆಫೀಸಿನಲ್ಲಿದ್ದಾಗ.

ನಮ್ಮ ವಯಸ್ಸಿನವರ ಹತ್ತಿರ ಲಸಿಕೆಯ ಚೀಟಿ ಎಲ್ಲಿರುತ್ತೆ ಹೇಳಿ? ಮಗನದಾದರೆ ತಾಯಿ ಕಾರ್ಡ್ ಇತ್ತು. ನನಗಿದ್ದದ್ದು ತೋಳಿನ ಮೇಲಿನ ಬಿಸಿಜಿ (ಟಿಬಿ ಲಸಿಕೆ) ಕಲೆ ಒಂದೇ. "ಚಿಕ್ಕವಳಿದ್ದಾಗ ಎಲ್ಲಾ ಹಾಕಿಸಿದ್ದಾರೆ" ಅಂತ ಬಾಯಲ್ಲಿ ಹೇಳಿದರೆ ಸಿವಿಲ್ ಸರ್ಜನ್ (ಈ ಮೆಡಿಕಲ್ ಮಾಡುವ ಡಾಕ್ಟರ್) ಒಪ್ಪುವುದಿಲ್ಲ, ಬರಹದಲ್ಲಿ ಬೇಕು. ಹಾಗಾಗಿ ಒಂದೇ ಸಲಕ್ಕೆ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್, ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮು) ಮೂರೂ ಲಸಿಕೆ ಆದವು. ಜೊತೆಗೆ ಕೊಟ್ಟ ಲಸಿಕೆಯ ಮಾಹಿತಿ ಹಾಳೆಗಳನ್ನು ಓದದೆ ಬ್ಯಾಗಿಗೆ ತುರುಕಿದೆ. ಎಲ್ಲಾ ಅದರಲ್ಲೇ ಇತ್ತು!

ಟಿಡ್ಯಾಪ್‌ನಲ್ಲಿ ಜೀವಂತ ರೋಗಾಣು ಇಲ್ಲ, ಅದರ ನೋವು ಒಂದೆರಡು ದಿನದಲ್ಲೇ ಬಂದು ಹೋಗುತ್ತದೆ. ಎಂಎಂಆರ್‌ನಲ್ಲಿ ಇರುವುದು ಬಲ ಕುಗ್ಗಿಸಿದ ಜೀವಂತ ವೈರಸ್. ಅದು ಮೈಯೊಳಗೆ ಬೆಳೆಯಲು ಸಮಯ ಬೇಕು. ಅದಕ್ಕೇ ಜ್ವರ, ಸಣ್ಣ ಗುಳ್ಳೆ ಬಂದರೆ ಹೆಚ್ಚಾಗಿ 6ರಿಂದ 12 ದಿನಗಳ ನಡುವೆ. ಎಲ್ಲರಿಗೂ ಬರುವುದಿಲ್ಲ. ನನ್ನ ಗಂಡನಿಗೆ ಏನೂ ಆಗಲಿಲ್ಲ, ಅವರಿಗೆ ಅದೇ ಹೆಮ್ಮೆ.

ವಿಡಿಯೋದಲ್ಲಿ ನನ್ನ ಕುತ್ತಿಗೆ ನೋಡಿದ ಅಮ್ಮ, "ದಡಾರ ಎದ್ದಿದೆ ಕಣೇ, ಬೇವಿನ ಸೊಪ್ಪು ಹಾಸಿಕೊಂಡು ಮಲಗು" ಅಂದರು. ಒಂದು ಲೆಕ್ಕದಲ್ಲಿ ಅವರು ಹೇಳಿದ್ದು ಪೂರ್ತಿ ತಪ್ಪಲ್ಲ, ಅದು ದಡಾರದ್ದೇ ಕುಗ್ಗಿದ ವೈರಸ್. ಆದರೆ ಈ ಗುಳ್ಳೆ ಮನೆಯವರಿಗೆ ಹರಡುವುದಿಲ್ಲ. ಟೈಲೆನಾಲ್ ತಗೊಂಡೆ. ನಮ್ಮ ಡೋಲೋದಲ್ಲಿರುವ ಪ್ಯಾರಾಸಿಟಮಾಲೇ ಇದು, ಹೆಸರು ಬೇರೆ ಅಷ್ಟೇ. ಮಕ್ಕಳಿಗೆ ಮಾತ್ರ ತೂಕ ನೋಡಿ ಕೊಡಿ. ಚಿಕನ್‌ಪಾಕ್ಸ್ ಲಸಿಕೆ ಆಗಿ ಆರು ವಾರ ಆಸ್ಪಿರಿನ್ ಬೇಡವೇ ಬೇಡ.

ಆಮೇಲೆ ಬಂತು ಬೆರಳ ಗಿಣ್ಣುಗಳ ನೋವು. ನಾಲ್ಕು ದಿನ ಚಪಾತಿ ಹಿಟ್ಟು ನಾದಲು ಆಗಲಿಲ್ಲ. ಸಂಧಿವಾತ ಶುರುವಾಯಿತು ಅಂತ ಹೆದರಿದೆ. ರುಬೆಲ್ಲಾ ಲಸಿಕೆಯಿಂದ ದೊಡ್ಡ ಹೆಂಗಸರಿಗೆ ಹೀಗೆ ಆಗುವುದುಂಟು, ತಾನಾಗೇ ಹೋಗುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೆ ಸಮಾಧಾನವಾಯಿತು. ಹೋಯಿತು ಕೂಡ.

ಐದು ವರ್ಷದ ಮಗನಿಗೆ ಡಿಟ್ಯಾಪ್‌ನ (ಟಿಡ್ಯಾಪ್‌ನದೇ ರೋಗಗಳಿಗೆ ಚಿಕ್ಕ ಮಕ್ಕಳ ಲಸಿಕೆ) ಐದನೇ ಡೋಸ್. ತೋಳು ಮೊಣಕೈವರೆಗೂ ಊದಿ ಕೆಂಪಾಯಿತು. ಅವನು ಆಟ ಬಿಡಲಿಲ್ಲ, ಗಾಬರಿ ನನಗೇ ಜಾಸ್ತಿ. ನಾಲ್ಕನೇ, ಐದನೇ ಡೋಸಿನಲ್ಲಿ ಅಪರೂಪಕ್ಕೆ ಹೀಗಾಗುತ್ತದಂತೆ. ತಣ್ಣನೆ ಬಟ್ಟೆ ಇಟ್ಟೆವು, ಮೂರು ದಿನಕ್ಕೆ ಇಳಿಯಿತು. ಆದರೆ ಲಸಿಕೆ ಆದ ಸ್ವಲ್ಪ ಹೊತ್ತಿಗೇ ಮೈಯೆಲ್ಲಾ ದದ್ದು ಎದ್ದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ತಕ್ಷಣ 911ಕ್ಕೆ (ತುರ್ತು ಸಹಾಯ) ಫೋನ್ ಮಾಡಿ. ಅದಕ್ಕೇ 15 ನಿಮಿಷ ಅಲ್ಲೇ ಕೂರಿಸುವುದು, ಪಾರ್ಕಿಂಗ್ ನೆಪ ಹೇಳಿ ಓಡಬೇಡಿ.

ಬಸುರಿಯರಿಗೆ ಎಂಎಂಆರ್, ಚಿಕನ್‌ಪಾಕ್ಸ್ ಎರಡೂ ಹಾಕುವುದಿಲ್ಲ. ಅನುಮಾನವಿದ್ದರೆ ಮೊದಲೇ ಹೇಳಿ, ಮೆಡಿಕಲ್‌ನ ಐ-693 ಫಾರ್ಮಿನಲ್ಲಿ ಅದಕ್ಕೆ ಜಾಗ ಇದೆ. ಹಾಕಿಸಿಕೊಂಡರೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಮೆಡಿಕಲ್‌ನಲ್ಲೇ ಇರುವ ಟಿಬಿಯ ರಕ್ತ ಪರೀಕ್ಷೆಗೆ ಎಂಎಂಆರ್ ಹಾಕಿಸುವ ದಿನವೇ ರಕ್ತ ಕೊಡಿ. ತಪ್ಪಿದರೆ ನಾಲ್ಕು ವಾರ ಕಾಯಬೇಕು, ಇಲ್ಲದಿದ್ದರೆ ಫಲಿತಾಂಶ ನಂಬುವ ಹಾಗಿರುವುದಿಲ್ಲ. ಬಿಸಿಜಿ ಹಾಕಿಸಿದ್ದರಿಂದ ಈ ಪರೀಕ್ಷೆಗೆ ತೊಂದರೆ ಇಲ್ಲ. ಕೋವಿಡ್ ಲಸಿಕೆಯನ್ನು 2025ರ ಜನವರಿಯಿಂದ ಕೇಳುತ್ತಿಲ್ಲ.

ಚುಚ್ಚಿಸಿಕೊಳ್ಳುವುದು ಕಡಿಮೆ ಆಗಬೇಕಾದರೆ ಮೊದಲು ಟೈಟರ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ದಡಾರ, ಮಂಗನಬಾವು, ರುಬೆಲ್ಲಾ, ಚಿಕನ್‌ಪಾಕ್ಸ್‌ಗೆ ರಕ್ಷಣೆ ಇದೆ ಅಂತ ಬಂದರೆ ಅವುಗಳ ಲಸಿಕೆ ಬೇಡ. ನನಗೆ ಚಿಕ್ಕಂದಿನಲ್ಲಿ ಅಮ್ಮ (ಚಿಕನ್‌ಪಾಕ್ಸ್) ಎದ್ದಿತ್ತಂತೆ. ಅಮ್ಮ ಅದನ್ನು ಹೇಳಿದ್ದು ಲಸಿಕೆ ಆದ ಮೇಲೆ!