ಸಹಾಯ ಬೇಕು: ಸೈಕಲ್‌ಗೆ ಫೋರ್ ಸ್ಟ್ರೋಕ್ ಎಂಜಿನ್, ಗೇರ್ ಲೆಕ್ಕ ಕೂಡ್ತಿಲ್ಲ

ತೋಟದೊಳಗೆ ಓಡಾಡಲು ಹಳೇ 26 ಇಂಚಿನ ಸೈಕಲ್‌ಗೆ ಕಳೆ ಹೊಡೆಯುವ ಮಿಷಿನ್‌ನ ಎಂಜಿನ್ ಕೂರಿಸುತ್ತಿದ್ದೇನೆ. ಹೋಂಡಾ ಜಿಎಕ್ಸ್35, 35.8 ಸಿಸಿ. ಪೆಟ್ರೋಲ್‌ಗೆ ಆಯಿಲ್ ಬೆರೆಸುವ ರಗಳೆ ಇಲ್ಲ, ಅದಕ್ಕೇ ಇದು.

ಎಂಜಿನ್ ಪೂರ್ತಿ ಪವರ್ ಕೊಡುವುದು 7000 ಆರ್‌ಪಿಎಂನಲ್ಲಿ. ಗಂಟೆಗೆ 25 ಕಿ.ಮೀ. ಸಾಕು ಅಂದರೂ ಚಕ್ರ ನಿಮಿಷಕ್ಕೆ ಸುಮಾರು 200 ಸುತ್ತು. ಅಂದರೆ 35ಕ್ಕೆ 1 ಇಳಿಸಬೇಕು. 11 ಮತ್ತು 44 ಹಲ್ಲಿನ ಸ್ಪ್ರಾಕೆಟ್‌ (ಚೈನ್ ಕೂರುವ ಹಲ್ಲಿನ ಚಕ್ರ) ಜೋಡಿಯಿಂದ ಬರುವುದು ಬರೀ 4ಕ್ಕೆ 1. ಉಳಿದದ್ದಕ್ಕೆ ಬೆಲ್ಟ್ ಹಾಕಲಾ, ಗೇರ್‌ಬಾಕ್ಸಾ? ಮಳೆಗಾಲದಲ್ಲಿ ಬೆಲ್ಟ್ ಜಾರುತ್ತದೆ ಅಂತ ನನ್ನ ಅನುಮಾನ.

ಇನ್ನೊಂದು. ಹಿಂದಿನ ಸ್ಪ್ರಾಕೆಟ್ಟನ್ನು ಕಡ್ಡಿಗಳಿಗೆ ರಬ್ಬರ್ ಕೊಟ್ಟು ಬೋಲ್ಟ್ ಮಾಡಿದ್ದೇನೆ. ಚಕ್ರ ತಿರುಗಿಸಿದರೆ ಚೈನ್ ಅರ್ಧ ಸುತ್ತು ಬಿಗಿ, ಅರ್ಧ ಸುತ್ತು ಸಡಿಲ. ಸೆಂಟರ್‌ಗೆ ತರುವುದು ಹೇಗೆ? ಮಾಡಿ ಓಡಿಸಿದವರು ದಯವಿಟ್ಟು ಫೋಟೋ ಹಾಕಿ. ರೋಡಿಗಂತೂ ಇಳಿಸಲ್ಲ, ರಿಜಿಸ್ಟ್ರೇಷನ್ ಚರ್ಚೆ ಬೇಡ.