ಸಹಾಯ ಬೇಕು: ತಾನೇ ಬಿಚ್ಚಿಕೊಳ್ಳಬೇಕಾದ ಶೆಲ್ ಸ್ಕ್ರಿಪ್ಟ್ ಬಿಚ್ಚಿಕೊಳ್ಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಚಿಕ್ಕಪೇಟೆ ಕಡೆಯ ಬಟ್ಟೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ. ಎಲ್ಲ ಲಿನಕ್ಸ್ ಮೆಷಿನ್‌ಗಳು. ಅಲ್ಲಿನ ಇಂಟರ್‌ನೆಟ್ ನಂಬುವ ಹಾಗಿಲ್ಲ. ಅದಕ್ಕೆ ಪೆನ್‌ಡ್ರೈವ್‌ನಲ್ಲಿ ಒಂದೇ ಫೈಲ್ ಒಯ್ಯುತ್ತೇನೆ: ಮೇಲೆ 20 ಸಾಲಿನ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳ ಪಟ್ಟಿ), ಅದರ ಬಾಲಕ್ಕೆ ಸಾಫ್ಟ್‌ವೇರ್ ಫೈಲ್‌ಗಳನ್ನೆಲ್ಲ ಟಾರ್ ಮಾಡಿ (ಒಂದೇ ಕಟ್ಟು ಕಟ್ಟಿ) ಜಿಜಿಪ್ ಮಾಡಿದ (ಕುಗ್ಗಿಸಿದ) ಫೈಲ್. ಓಡಿಸಿದರೆ ಟೇಲ್ ಕಮಾಂಡ್ 21ನೇ ಸಾಲಿನಿಂದ ಕೆಳಗಿನದ್ದನ್ನೆಲ್ಲ ಟಾರ್‌ಗೆ ಕೊಡುತ್ತದೆ, ಅದು ಬಿಚ್ಚುತ್ತದೆ. 20ನೇ ಸಾಲು 'ಎಕ್ಸಿಟ್ 0', ಅಂದರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಲಿ ಅಂತ. ಅದಿಲ್ಲದಿದ್ದರೆ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಬಾಲದ ಬೈನರಿಯನ್ನೂ (ಪಠ್ಯವಲ್ಲದ ಬೈಟ್‌ಗಳನ್ನೂ) ಕಮಾಂಡ್ ಅಂದುಕೊಂಡು ಸ್ಕ್ರೀನ್ ತುಂಬ ಕಸ ಉಗುಳುತ್ತದೆ (ಒಮ್ಮೆ ಮರೆತು ಅನುಭವಿಸಿದ್ದೇನೆ!).

ಇಷ್ಟು ದಿನ ಚೆನ್ನಾಗಿತ್ತು. ಕಳೆದ ವಾರ ಒಂದು ಅಂಗಡಿಯಲ್ಲಿ 'ನಾಟ್ ಇನ್ ಜಿಜಿಪ್ ಫಾರ್ಮ್ಯಾಟ್' ಅಂತ ಎರರ್ ಬಂತು. ಸಾಲು ಎಣಿಸಿದೆ, ಸರಿಯಿದೆ. ಫೈಲ್ ಸೈಜ್ ಮಾತ್ರ ಜಾಸ್ತಿಯಾಗಿತ್ತು. ಹೆಕ್ಸ್‌ನಲ್ಲಿ (ಒಂದೊಂದು ಬೈಟನ್ನೂ ಕೋಡ್ ಆಗಿ ತೋರಿಸುವ ರೂಪದಲ್ಲಿ) ನೋಡಿದರೆ, ಜಿಜಿಪ್ ಶುರುವಾಗುವ 1ಎಫ್ 8ಬಿ ಬೈಟ್‌ಗಳಲ್ಲಿ 8ಬಿ ಮಾಯ. ಆ ಜಾಗದಲ್ಲಿ ಇಎಫ್ ಬಿಎಫ್ ಬಿಡಿ (ಓದಲಾಗದ ಅಕ್ಷರದ ಬದಲು ಹಾಕುವ ಗುರುತು) ಕೂತಿದೆ. ಅಂಗಡಿ ಹುಡುಗ ಯಾವುದೋ ಎಡಿಟರ್‌ನಲ್ಲಿ ತೆರೆದು 'ಸುಮ್ನೆ ನೋಡ್ದೆ ಸಾರ್, ಸೇವ್ ಅಂತ ಕೇಳ್ತು, ಒತ್ತಿದೆ' ಅಂದ. ಎಡಿಟರ್ ಅದನ್ನು ಯುಟಿಎಫ್-8 (ಪಠ್ಯ ಬರೆಯುವ ಒಂದು ವಿಧಾನ) ಮಾಡಲು ಹೋಗಿ ಬೈನರಿ ಕೆಟ್ಟಿದೆ, ಅಲ್ವಾ?

ಈಗ ಕೇಳಬೇಕಾದ್ದು: ಬಾಲವನ್ನು ಬೇಸ್64 ಮಾಡಿದರೆ (ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆದರೆ) ಇಂಥ ಪೆಟ್ಟು ತಡೆಯುತ್ತದೆ, ಆದರೆ ಸೈಜ್ ಮೂರನೇ ಒಂದು ಭಾಗ ಏರುತ್ತದೆ. ನನ್ನದು ಈಗಲೇ 600 ಎಂಬಿ. ಮೇಕ್‌ಸೆಲ್ಫ್ (ಇಂಥ ಫೈಲ್ ಮಾಡಿಕೊಡುವ ಟೂಲ್) ಬಳಸಿದರೆ ಬಿಚ್ಚುವ ಮೊದಲೇ ಚೆಕ್‌ಸಮ್ (ಫೈಲ್ ಕೆಟ್ಟಿದೆಯೇ ಅಂತ ಹೇಳುವ ಲೆಕ್ಕ) ನೋಡುತ್ತದೆ, ಅದು ನನಗೆ ಹಿಡಿಸಿದೆ. ಆದರೆ ಕೆಲವು ಅಂಗಡಿಗಳಲ್ಲಿ ಟೆಂಪ್ (ತಾತ್ಕಾಲಿಕ) ಫೋಲ್ಡರ್ ನೋಎಕ್ಸೆಕ್ ಆಗಿ (ಪ್ರೋಗ್ರಾಂ ಓಡದ ಹಾಗೆ) ಮೌಂಟ್ ಆಗಿದೆ, ಅಲ್ಲಿ ಬಿಚ್ಚಿದರೂ ಒಳಗಿನ ಸ್ಕ್ರಿಪ್ಟ್ ಓಡಲ್ಲ. ಮೇಕ್‌ಸೆಲ್ಫ್‌ನ ಟಾರ್ಗೆಟ್ ಆಪ್ಷನ್ ಕೊಟ್ಟು ಬೇರೆ ಕಡೆ ಬಿಚ್ಚಿಸಿದವರು ಯಾರಾದರೂ ಇದ್ದೀರಾ? ಶನಿವಾರ ಮತ್ತೆ ಆ ಅಂಗಡಿಗೆ ಹೋಗಬೇಕು.