ಮನೆಯಲ್ಲೇ 20 ಮಂದಿಗೆ ರಾತ್ರಿ ಊಟ: ಬೆಣ್ಣೆ ದೋಸೆ ಇಟ್ಟುಕೊಳ್ಳಬಹುದೇ?

ಪ್ರಶ್ನೆ: ಗೃಹಿಣಿ, ವಿದ್ಯಾನಗರ, ದಾವಣಗೆರೆ

ನಮಸ್ಕಾರ. ಮುಂದಿನ ಶನಿವಾರ ರಾತ್ರಿ ನಮ್ಮ ಮನೆಗೆ 20 ಮಂದಿ ಊಟಕ್ಕೆ ಬರುತ್ತಿದ್ದಾರೆ. ಹೆಚ್ಚಿನವರು ನಮ್ಮ ಯಜಮಾನರೊಂದಿಗೆ ಓದಿದವರು; ಅವರಲ್ಲಿ ನಾಲ್ವರು ಮೈಸೂರಿನಿಂದ ಬಂದು ಅಂದು ನಮ್ಮಲ್ಲೇ ಉಳಿಯುತ್ತಾರೆ. ಅಡುಗೆಯವರನ್ನು ಕರೆಸದೆ, ನಾನು ಮತ್ತು ನಮ್ಮ ಅತ್ತೆಯವರೇ ಮಾಡಿ ಬಡಿಸಬೇಕೆಂಬ ಆಸೆಯಿದೆ. ದಾವಣಗೆರೆಗೆ ಬಂದವರನ್ನು ಬೆಣ್ಣೆ ದೋಸೆ ತಿನ್ನಿಸದೆ ಕಳುಹಿಸಲು ಮನಸ್ಸಾಗದೆ ಅದನ್ನೇ ಮುಖ್ಯವಾಗಿಟ್ಟು, ಜೊತೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಅನ್ನ, ಸಾರು ಎಂದು ಯೋಚಿಸಿದ್ದೇನೆ. ಕಳೆದ ವರ್ಷ ಹತ್ತು ಮಂದಿಯನ್ನು ಕರೆದಾಗಲೇ ನನಗೆ ಒಲೆಯ ಮುಂದಿನಿಂದ ಕದಲಲಾಗಲಿಲ್ಲ. ಬಂದವರೊಡನೆ ಕುಳಿತು ನಾಲ್ಕು ಮಾತನಾಡಲಿಲ್ಲವೆಂಬ ನೋವು ಇನ್ನೂ ಇದೆ. ಈ ಬಾರಿ ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ 1: ಹಿರಿಯರೊಬ್ಬರು, ನಿಜಲಿಂಗಪ್ಪ ಬಡಾವಣೆ

ತಂಗಿ, ಮೊದಲು ದೋಸೆಯನ್ನು ಕೈಬಿಡಿ. ಒಬ್ಬರಿಗೆ ಎರಡರಂತೆ 40 ದೋಸೆ. ಒಂದಕ್ಕೆ ಮೂರು ನಿಮಿಷವೆಂದರೂ ಒಂದು ಹಂಚಿನ ಮೇಲೆ ಎರಡು ಗಂಟೆ ಹಿಡಿಯುತ್ತದೆ. ಹೋಟೆಲಿನವರ ಅಗಲವಾದ ಕಾವಲಿಯ ಮೇಲೆ ಆಗುವ ಕೆಲಸ ಮನೆಯ ಒಲೆಯ ಮೇಲೆ ಆಗದು. ಬೆಣ್ಣೆ ದೋಸೆಯ ರುಚಿಯೆಲ್ಲ ಅದು ಹಂಚಿನಿಂದ ತಟ್ಟೆಗೆ ಬಿದ್ದ ಗಳಿಗೆಯಲ್ಲೇ ಇರುವುದರಿಂದ, ಮಾಡಿ ಮುಚ್ಚಿಟ್ಟ ದೋಸೆಯನ್ನು ಬಡಿಸಿದರೆ ಊರಿನ ಹೆಸರಿಗೇ ಕುಂದು. ಕಳೆದ ವರ್ಷವೂ ಬಡಿಸುವ ಹೊತ್ತಿಗೇ ಒಲೆ ಬೇಡುವ ಪದಾರ್ಥಗಳು ಹೆಚ್ಚಾಗಿದ್ದಿರಬೇಕೆಂದು ನನಗೆ ತೋರುತ್ತದೆ.

ಊರಿನ ರುಚಿ ತೋರಿಸಲು, ಬಂದವರಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿ. ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹೆಚ್ಚಿಟ್ಟುಕೊಂಡು, ಜನ ಕುಳಿತ ಮೇಲೆಯೇ ಮಂಡಕ್ಕಿ ಕಲಸಬೇಕು. ಮೊದಲೇ ಕಲಸಿದರೆ ಮೆತ್ತಗಾಗುತ್ತದೆ. ಎಣ್ಣೆಗಾಯಿ ಮಧ್ಯಾಹ್ನವೇ ಆಗಲಿ, ರಾತ್ರಿಯ ಹೊತ್ತಿಗೆ ಮಸಾಲೆ ಹಿಡಿದು ಇನ್ನೂ ಚೆನ್ನಾಗಿರುತ್ತದೆ. ಬಿಸಿ ರೊಟ್ಟಿಯ ಬದಲು, ಮನೆಯಲ್ಲೇ ರೊಟ್ಟಿ ಬಡಿದು ಮಾರುವವರಿಂದ ಖಡಕ್ ರೊಟ್ಟಿ ತರಿಸಿಕೊಳ್ಳಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಹೂರಣದ ಹೋಳಿಗೆಗೆ ಬದಲಾಗಿ ಶೇಂಗಾ ಹೋಳಿಗೆಯನ್ನು ಎರಡು ದಿನ ಮೊದಲೇ ಮಾಡಿಟ್ಟರೂ ಕೆಡುವುದಿಲ್ಲ.

ಉತ್ತರ 2: ಅಡುಗೆ ಕೆಲಸದವರು, ಚಿತ್ರದುರ್ಗ

ನಾನು ಅಳತೆಯನ್ನು ಹೇಳುತ್ತೇನೆ. ರೊಟ್ಟಿ ಮೊದಲು ಬಡಿಸುವುದರಿಂದ ಅನ್ನ ಮತ್ತು ಮೊಸರನ್ನ ಎರಡಕ್ಕೂ ಸೇರಿ ಒಂದೂವರೆ ಕಿಲೋ ಅಕ್ಕಿ ಸಾಕು. ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಎರಡು ಕಿಲೋ ಬೇಕು. ಅನ್ನವನ್ನು ಮಾತ್ರ ಸಂಜೆಯೇ ಮಾಡಿ ಹೊರಗಿಡಬೇಡಿ: ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಾಣುಗಳು ಅನ್ನ ಉಗುರುಬೆಚ್ಚಗಿರುವಾಗ ಬೆಳೆದು, ವಾಂತಿ ತರಿಸುವ ವಿಷವನ್ನು ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ ಮಾಡಿದ ಎರಡು ಗಂಟೆಯೊಳಗೆ ಅನ್ನ ಎಲೆಗೆ ಬರಬೇಕು. ಎಣ್ಣೆಗಾಯಿಯನ್ನೂ ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು, ಬಡಿಸುವ ಮುನ್ನ ಕುದಿ ಬರುವವರೆಗೆ ಕಾಯಿಸಿ.

ಉತ್ತರ 3: ಶಿಕ್ಷಕಿ, ದಾವಣಗೆರೆ

ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಎಣ್ಣೆಗಾಯಿಯ ಮಸಾಲೆ, ಚಟ್ನಿಪುಡಿ, ಮಂಡಕ್ಕಿ, ಈಗ ಹೋಳಿಗೆ, ಎಲ್ಲದರಲ್ಲೂ ಶೇಂಗಾ ಇರುವುದನ್ನು ಗಮನಿಸಿ. ನಮ್ಮ ಮನೆಗೆ ಬಂದಿದ್ದ ಹುಡುಗನೊಬ್ಬನಿಗೆ ಶೇಂಗಾ ಆಗುವುದಿಲ್ಲವೆಂದು ನಮಗೆ ತಿಳಿದದ್ದು, ಎರಡು ತುತ್ತು ತಿಂದು ಅವನ ತುಟಿ ಊದಿಕೊಂಡ ಮೇಲೆ. ಊಟವನ್ನು ಅರ್ಧಕ್ಕೆ ಬಿಟ್ಟು ಆಸ್ಪತ್ರೆಗೆ ಓಡಿದೆವು. ಕರೆಯುವಾಗಲೇ ಯಾರಿಗೆ ಏನು ಆಗುವುದಿಲ್ಲ, ಯಾರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ ಎಂದು ನೇರವಾಗಿ ಕೇಳಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಸಿಹಿಗೆ ಗೋಧಿ ಹುಗ್ಗಿಯಾದರೆ ಶೇಂಗಾದ ಗೊಡವೆಯೇ ಇಲ್ಲ. ಹಿಂದಿನ ರಾತ್ರಿ ಗೋಧಿ ನೆನೆಹಾಕಿದರಾಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು ಎಲ್ಲರಿಗೂ ಫೋನ್ ಮಾಡಿ ಕೇಳಿದೆವು: ಒಬ್ಬರ ಮಗಳಿಗೆ ಶೇಂಗಾ ನಿಜಕ್ಕೂ ಆಗುವುದಿಲ್ಲವಂತೆ. ಹಾಗಾಗಿ ಮನೆಯಲ್ಲಿ ಅಂದು ಶೇಂಗಾ ಬಳಸುವುದೇ ಬೇಡವೆಂದು ತೀರ್ಮಾನಿಸಿದ್ದೇವೆ. ಎಣ್ಣೆಗಾಯಿಗೆ ಎಳ್ಳು, ಕೊಬ್ಬರಿಯ ಮಸಾಲೆ, ಚಟ್ನಿಗೆ ಗುರೆಳ್ಳು, ಸಿಹಿಗೆ ಹುಗ್ಗಿ. ಉಳಿದುಕೊಳ್ಳುವ ನಾಲ್ವರನ್ನು ಭಾನುವಾರ ಬೆಳಿಗ್ಗೆ ಹೋಟೆಲಿಗೆ ಕರೆದೊಯ್ದು, ಬೆಣ್ಣೆ ದೋಸೆಯನ್ನು ಕಾವಲಿಯ ಪಕ್ಕದಲ್ಲೇ ಕುಳಿತು ತಿನ್ನೋಣವೆಂದು ಯಜಮಾನರು ಹೇಳಿದ್ದಾರೆ.